ಹಗೇವಿನೊಳಗಿನ ಉಸಿರು

ಮೊನ್ನೆ ಬೆಳಿಗ್ಗೆ ಅಂಗಡಿ ಶಿವಣ್ಣ ನಮ್ಮ ಮನೆ ಬಾಗಿಲಿಗೆ ಬಂದಾಗ ಅವನ ಕೈಯಲ್ಲಿ ನಾನೇ ರುಬ್ಬಿ ಕಟ್ಟಿದ ದೋಸೆ ಹಿಟ್ಟಿನ ಪ್ಯಾಕೆಟ್ಟಿತ್ತು. ಹಾವು ಹಿಡಿದವನ ಹಾಗೆ ಅದನ್ನು ಮೈಯಿಂದ ದೂರವಿಟ್ಟು, ಎರಡೇ ಬೆರಳಲ್ಲಿ ಹಿಡಿದುಕೊಂಡಿದ್ದ. ಪ್ಯಾಕೆಟ್ಟು ಹಬ್ಬದೂಟ ಉಂಡ ಹೊಟ್ಟೆಯಂತೆ ಬಿಗಿದಿತ್ತು.

"ಅಕ್ಕ, ಇದರೊಳಗೆ ಏನೋ ಸೇರ್ಕೊಂಡದೆ ಕಣಕ್ಕ," ಅಂದ. "ರಾತ್ರಿ ಕರೆಂಟಿರ್ನಿಲ್ಲ. ಬೆಳಿಗ್ಗೆ ಫ್ರಿಜ್ಜು ತೆಗೀತೀನಿ, ಎಲ್ಲಾವೂ ಊದ್ಕೊಂಡು ನನ್ನೇ ನೋಡ್ತಾ ಕುಂತವೆ. ಒಂದಂತೂ ಢಮಾರ್ ಅಂದೇಬುಡ್ತು. ಮೊಸರಿನ ಪ್ಯಾಕೆಟ್ ಮೇಲೆಲ್ಲ ಹಿಟ್ಟು."

ಹುಣಸೂರಿನಲ್ಲಿ ನಾನು ಹಿಟ್ಟು ಮಾರಲು ಶುರುಮಾಡಿ ಕೆಲವು ವರ್ಷಗಳಾದವು. ಓದಿದ್ದು ಬಿ.ಕಾಂ. ಅದು ನನ್ನ ಗ್ರೈಂಡರಿಗೆ ಗೊತ್ತಿಲ್ಲ. ಅಕ್ಕಿ ಎಷ್ಟು, ಉದ್ದು ಎಷ್ಟು, ಮೆಂತ್ಯ ಎಷ್ಟು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ಹಿಟ್ಟು ಯಾಕೆ ಉಬ್ಬುತ್ತದೆ ಎಂದು ಮಾತ್ರ ಈವರೆಗೆ ಯೋಚಿಸಿದವಳಲ್ಲ. ಹೊತ್ತು ಮುಳುಗುತ್ತದೆ, ಮಗು ಅಳುತ್ತದೆ, ಹಿಟ್ಟು ಉಬ್ಬುತ್ತದೆ. ಇದರಲ್ಲಿ ಕೇಳುವುದೇನಿದೆ?

ಕೇಳದಿದ್ದರೂ ಹೇಳುವವಳು ಮನೆಯಲ್ಲಿದ್ದಾಳೆ. ಮಗಳು ನಿತ್ಯಾ ಎರಡನೇ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. ಅವಳು ಶಿವಣ್ಣನ ಕೈಯಿಂದ ಪ್ಯಾಕೆಟ್ಟನ್ನು ತೆಗೆದುಕೊಂಡು ಕಿವಿಗಿಟ್ಟು ಆಲಿಸಿದಳು. ಡಾಕ್ಟರ್ ಆಗುವ ಮೊದಲೇ ಅವಳಿಗೆ ಡಾಕ್ಟರ ಮುಖ ಬಂದುಬಿಟ್ಟಿದೆ.

"ಅಂಕಲ್, ಇದು ಕೆಟ್ಟಿಲ್ಲ. ಇದು ಬದುಕಿದೆ, ಅಷ್ಟೆ."

"ಬದುಕದಾ?" ಶಿವಣ್ಣ ಒಂದು ಹೆಜ್ಜೆ ಹಿಂದೆ ಸರಿದ.

ಹಿಟ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆಯಂತೆ. ನಾವು ಗಾಳಿಯಾಡದಂತೆ ಕಟ್ಟಿಟ್ಟರೂ ಅವು ಸಾಯುವುದಿಲ್ಲವಂತೆ. ಗಾಳಿ ಇಲ್ಲವೋ, ಸರಿ, ಇಲ್ಲದೆಯೇ ನಡೆಸೋಣ ಎಂದು ಅಕ್ಕಿ-ಉದ್ದಿನ ಸಕ್ಕರೆಯನ್ನು ಅರ್ಧಂಬರ್ಧ ಉರಿಸಿ, ಸಿಕ್ಕಷ್ಟೇ ಶಕ್ತಿಯಲ್ಲಿ ಬಾಳುತ್ತವಂತೆ. ಉರಿಯದೆ ಉಳಿದದ್ದು ಹುಳಿ. ಹೊರಬಿಟ್ಟದ್ದು ಗಾಳಿ. ಆ ಗಾಳಿಯೇ ನನ್ನ ಪ್ಯಾಕೆಟ್ಟನ್ನು ಊದಿಸಿದ್ದು.

"ಬೆಟ್ಟದಪುರದ ಬೆಟ್ಟ ಹತ್ತೋವಾಗ ತೊಡೆ ಉರಿಯುತ್ತೆ ಅಂತ ಕೂತ್ಕೊಂಡ್ಯಲ್ಲಮ್ಮ," ಅಂದಳು ನಿತ್ಯಾ. "ಆಗ ನಿನ್ನ ಕಾಲಿನ ಸ್ನಾಯು ಮಾಡ್ತಿದ್ದಿದ್ದೂ ಹೆಚ್ಚುಕಮ್ಮಿ ಇದನ್ನೇ. ಬೇಕಾದಷ್ಟು ಆಮ್ಲಜನಕ ಸಿಗದಿದ್ದಾಗ ಅದೂ ಹೀಗೇ ಸುಧಾರಿಸಿಕೊಳ್ಳುತ್ತೆ."

ಅಂದರೆ ನನ್ನ ಕಾಲೊಳಗೂ ದೋಸೆ ಹಿಟ್ಟು! ಶಿವಣ್ಣ ನನ್ನ ಕಾಲನ್ನೇ ಅನುಮಾನದಿಂದ ನೋಡುತ್ತಾ ಹೊರಟುಹೋದ.

ಅವನು ಹೋದ ಮೇಲೂ ನಾನು ಆ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಸ್ವಲ್ಪ ಬೆಚ್ಚಗಿತ್ತು. ಬೆಚ್ಚಗಿನ ಹಿಟ್ಟೆಂದರೆ ನನಗೆ ನೆನಪಾಗುವುದು ಅಮ್ಮನ ತವರು. ಪಿರಿಯಾಪಟ್ಟಣದಿಂದ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಊರು ಅದು. ಮಳೆಗಾಲದ ಥಂಡಿಯಲ್ಲಿ ಅಲ್ಲಿ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ಅಜ್ಜಿ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಹಿಟ್ಟಿನ ಪಾತ್ರೆಯನ್ನು ಒರಗಿಸಿ, ಮೇಲೊಂದು ಗೋಣಿಚೀಲ ಮುಚ್ಚುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಪಾತ್ರೆ ಬಿಟ್ಟು, ಗೋಣಿ ದಾಟಿ, ನೆಲದ ಮೇಲೆ ಒಂದು ಮೊಳ ನಡೆದುಬಂದಿರುತ್ತಿತ್ತು. ಆ ದೋಸೆಯಲ್ಲಿ ಹೊಗೆಸೊಪ್ಪಿನ ಘಾಟು ಇರುತ್ತಿತ್ತು ಎಂದು ನನ್ನಮ್ಮ ಹೇಳುತ್ತಾಳೆ. ನಮಗೆ ಅದೇ ರುಚಿ. ಪಟ್ಟಣದ ಹೋಟೆಲಿನ ದೋಸೆ ತಿಂದಾಗ, ಇದರಲ್ಲೇನೋ ಕಡಿಮೆಯಾಗಿದೆ ಎಂದು ನಾನು ಮೂಸಿ ನೋಡಿದ್ದುಂಟು.

ದೋಸೆ ಆ ಮನೆಗೆ ಹಬ್ಬದ ತಿಂಡಿ. ದಿನಾ ಉಣ್ಣುವುದು ರಾಗಿ ಮುದ್ದೆ. ಆ ರಾಗಿ ಇರುತ್ತಿದ್ದದ್ದು ನೆಲದೊಳಗೆ, ಕಣದ ಪಕ್ಕದ ಹಗೇವಿನಲ್ಲಿ.

ಹಗೇವು ಎಂದರೆ ಈಗಿನ ಮಕ್ಕಳಿಗೆ ತಿಳಿಯದು. ಭೂಮಿಯೊಳಗೆ ದೊಡ್ಡದೊಂದು ಹೂಜಿಯನ್ನು ಹೂತಿದ್ದಾರೆ ಎಂದುಕೊಳ್ಳಿ. ಮೇಲೆ ಒಬ್ಬ ಮನುಷ್ಯ ನುಸುಳುವಷ್ಟೇ ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಬೇಕಾದಾಗ ಚಪ್ಪಡಿ ಸರಿಸಿ, ಅರ್ಧ ದಿನ ಹಾಗೇ ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುವುದು ರೂಢಿ. ಲಾಟೀನು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಕಾಯಬೇಕು. ಅಜ್ಜಿ ಇದನ್ನು ದೇವರ ಪೂಜೆಯಷ್ಟು ಕಟ್ಟುನಿಟ್ಟಾಗಿ ನಡೆಸುತ್ತಿದ್ದಳು.

ನಾನೀಗ ಹೇಳಹೊರಟಿರುವುದು ಅಜ್ಜಿ ಮನೆಯಲ್ಲಿಲ್ಲದ ಒಂದು ದಿನದ ಮಾತು. ಕಣ್ಣು ತೋರಿಸಲೆಂದು ಅವಳು ಬೆಳಗಿನ ಬಸ್ಸಿಗೆ ಪಿರಿಯಾಪಟ್ಟಣಕ್ಕೆ ಹೋಗಿದ್ದಳು. ನಾನಾಗ ಹುಣಸೂರಿನ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದೆ. ರಜೆಗೆಂದು ಬಂದವಳನ್ನು ಹೊಗೆಸೊಪ್ಪು ಕಡ್ಡಿಗೆ ಕಟ್ಟುವ ಕೆಲಸಕ್ಕೆ ಕೂರಿಸಿದ್ದರು. ಮನೆಯಲ್ಲಿ ಇದ್ದವರು ನನ್ನ ಸೋದರಮಾವ ಪುಟ್ಟಸ್ವಾಮಿ, ಅವನ ತಮ್ಮ ಮಾದೇಶ, ಮತ್ತು ಪುಟ್ಟಸ್ವಾಮಿ ಮಾವನ ಹೊಸ ಹೆಂಡತಿ ಜಯತ್ತೆ.

ಜಯತ್ತೆಯದು ಕೆ.ಆರ್. ನಗರದ ಕಡೆಯ ಗದ್ದೆ ಸೀಮೆ. ನಾಲೆ ನೀರಿನಲ್ಲಿ ಭತ್ತ ಬೆಳೆದು ಮೂರು ಹೊತ್ತೂ ಅನ್ನ ಉಂಡು ಬೆಳೆದವಳು. ಹಗೇವನ್ನು ಅವಳು ಕಂಡದ್ದೇ ನಮ್ಮಲ್ಲಿಗೆ ಬಂದ ಮೇಲೆ. ಅವಳು ತಿರುವಿದ ಮುದ್ದೆಯಲ್ಲಿ ಹಸಿ ಹಿಟ್ಟಿನ ಗಂಟು ಸಿಗುತ್ತಿತ್ತು. ಅಜ್ಜಿ ಅದನ್ನು ತಟ್ಟೆಯಂಚಿಗೆ ತೆಗೆದಿಟ್ಟು, ಎಲ್ಲರಿಗೂ ಕಾಣುವಂತೆ ಸಾಲಾಗಿ ಜೋಡಿಸುತ್ತಿದ್ದಳು. ಮಾವ ನಗುತ್ತಿದ್ದ. ಮಾದೇಶ ನಗುತ್ತಿದ್ದ. ನಾನೂ ನಕ್ಕಿದ್ದೇನೆ. ಜಯತ್ತೆ ಮಾತ್ರ ಎಲ್ಲರ ಜೊತೆ ತಾನೂ ನಕ್ಕು, ಮರುದಿನ ಅಂಥದೇ ಮುದ್ದೆ ತಿರುವುತ್ತಿದ್ದಳು.

ಅವತ್ತು ಬ್ಯಾರನ್ನಿಗೆ ಬೆಂಕಿ ಹಾಕಿ ಆಗಿತ್ತು. ಸೊಪ್ಪು ಮುರಿಯುವ ಆಳುಗಳಿಗೆ ಊಟ ಹಾಕಬೇಕು, ಮನೆಯಲ್ಲಿ ಹಿಟ್ಟು ಮುಗಿದಿತ್ತು. ಕರೆಂಟು ಹೋಗುವುದರೊಳಗೆ ರಾಗಿಯನ್ನು ಗಿರಣಿಗೆ ಹಾಕಿಸಬೇಕು. ಹಿಂದಿನ ವಾರವೆಲ್ಲ ಜಡಿಮಳೆ. ಮಾವನೂ ಮಾದೇಶನೂ ಅವಸರದಲ್ಲಿ ಮಣ್ಣು ಕೆರೆದು ಚಪ್ಪಡಿ ಸರಿಸಿದರು. ಒಳಗಿನಿಂದ ಬೆಚ್ಚನೆಯ, ಮುಗ್ಗಿದ ವಾಸನೆ ಮುಖಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ಮಾವ ಲಾಟೀನು ಇಳಿಬಿಟ್ಟ. ಅದು ಬಾಯಿ ದಾಟಿ ಒಂದಿಷ್ಟು ಕೆಳಗಿಳಿಯುವುದರಲ್ಲಿ ಆರಿತು.

"ಎಣ್ಣೆ ಮುಗ್ದದೆ," ಅಂದ ಮಾವ.

ಜಯತ್ತೆ ಲಾಟೀನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಣ್ಣೆ ಕುಲುಕಿತು. "ಅದೆಯಲ್ಲ," ಅಂದಳು. "ಒಸಿ ಹೊತ್ತು ಬುಟ್ಟು ನೋಡಾನ ಕಣ್ರೀ. ಅತ್ತೆಮ್ಮನೂ ಇಲ್ಲ."

"ಕಾಯ್ತಾ ಕುಂತ್ರೆ ಕರೆಂಟು ಕಾದಾತ? ಮ್ಯಾಲಿಂದ ಎಲ್ಡು ಮಂಕರಿ ತುಂಬ್ಕೊಂಡು ಬಂದ್ಬುಡ್ತೀನಿ."

ಮಾವ ಅಂಗಿ ಕಳಚಿದ. ಆಗ ಜಯತ್ತೆ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ. ಅವಳು ಸೀರೆಯ ನೆರಿಗೆ ಒಟ್ಟುಮಾಡಿ, ಹಗೇವಿನ ಬಾಯಿಗೆ ಅಡ್ಡಲಾಗಿ ಕಾಲು ಇಳಿಬಿಟ್ಟುಕೊಂಡು ಕೂತುಬಿಟ್ಟಳು.

"ಹಗ್ಗ ಕಟ್ಕಳ್ಳಿ. ಆಮ್ಯಾಕೆ ಇಳೀರಿ. ನಮ್ಮೂರಲ್ಲಿ ಬಾವಿ ಹೂಳು ತೆಗೆಯೋರೂ ಹಗ್ಗ ಇಲ್ದೆ ಇಳಿಯಲ್ಲ."

"ನಾನೇನು ಎಮ್ಮೆಯೇನಮ್ಮಿ, ಹಗ್ಗ ಹಾಕಕ್ಕೆ?"

"ಎಮ್ಮೆ ಆಗಿದ್ರೆ ಹೇಳಿದ್ ಮಾತು ಕೇಳ್ತಿತ್ತು."

ಕಣದಲ್ಲಿ ಸೊಪ್ಪು ಇಳಿಸುತ್ತಿದ್ದ ಆಳುಗಳು ಗೊಳ್ಳೆಂದರು. ಮಾವನಿಗೆ ಬೇರೆ ದಾರಿ ಇರಲಿಲ್ಲ. ಸೊಂಟಕ್ಕೆ ಸುತ್ತಿಕೊಳ್ಳಲು ಹೋದಾಗ ಅವಳು ತಡೆದು, ಕಂಕುಳ ಕೆಳಗೆ ಎದೆಗೆ ಸುತ್ತಿ, ಬೆನ್ನಿಗೆ ಗಂಟು ಬರುವಂತೆ ಬಿಗಿದಳು. ಸೊಂಟಕ್ಕೆ ಕಟ್ಟಿದರೆ ಎಳೆದಾಗ ಮನುಷ್ಯ ಮಡಚಿಕೊಳ್ಳುತ್ತಾನೆ ಎಂದು ಅವಳಪ್ಪ ಹೇಳುತ್ತಿದ್ದನಂತೆ. ತುದಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ತಮಾಷೆಯಾಗಿಯೇ ಹಿಡಿದುಕೊಂಡೆ.

ಮಾವ ಇಳಿದ. ರಾಗಿಯ ಮೇಲೆ ನಿಂತಾಗ ಅವನ ತಲೆ ಬಾಯಿಯಿಂದ ಒಂದು ತೋಳಿನಷ್ಟು ಕೆಳಗಿತ್ತು. ಬಗ್ಗಿ ಬಗ್ಗಿ ಒಂದು ಮಂಕರಿ ತುಂಬಿ ಮೇಲಕ್ಕೆತ್ತಿಕೊಟ್ಟ. "ಬೆಚ್ಚಗದೆ ಕಣ್ಲಾ ಮಾದೇಶ, ಒಲೆ ಹಚ್ಚಿದಂಗೆ," ಎಂದು ನಕ್ಕ. ಎರಡನೆಯದಕ್ಕೆ ಬಗ್ಗಿದವನು ಮೇಲೇಳಲಿಲ್ಲ.

ಜಯತ್ತೆ ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ಒಳಗೆ ರಾಗಿ ಜಾರುವ ಸದ್ದು ಮಾತ್ರ ಕೇಳಿಸಿತು.

"ಅಣ್ಣಾ!" ಎಂದು ಮಾದೇಶ ಬಾಯಿಯೊಳಕ್ಕೆ ಕಾಲಿಟ್ಟೇಬಿಟ್ಟ. ಜಯತ್ತೆ ಅವನ ಅಂಗಿಯ ಕಾಲರಿಗೆ ಕೈ ಹಾಕಿ ಹಿಂದಕ್ಕೆಳೆದಳು. ಅಂಗಿ ಹರಿಯಿತು. ಅವಳು ಬಿಡಲಿಲ್ಲ.

"ಬುಡಿ ಅತ್ಗೆ! ಅಣ್ಣ ಸತ್ತೋಯ್ತನೆ!"

"ನೀನು ಇಳಿದ್ರೆ ನಿನ್ನ ಎಳಿಯಕ್ಕೆ ಹಗ್ಗ ಎಲ್ಲದೆ? ಹಿಡಿ ಇದ! ಎಳಿ!"

ಆ ದನಿ ಮುದ್ದೆ ತಿರುವುವ ಜಯತ್ತೆಯದಾಗಿರಲಿಲ್ಲ. ಮಾದೇಶ, ಇಬ್ಬರು ಆಳುಗಳು ಮತ್ತು ನಾನು ಹಗ್ಗಕ್ಕೆ ಜೋತುಬಿದ್ದೆವು. ಭಾರ ಮೇಲೆ ಬಂತು, ಆಮೇಲೆ ಸಿಕ್ಕಿಹಾಕಿಕೊಂಡು ನಿಂತಿತು. ಮಾವನ ಭುಜ ಹಗೇವಿನ ಕೊರಳಿಗೆ ಅಡ್ಡವಾಗಿತ್ತು. ಮತ್ತೂ ಎಳೆದರೆ ಹಗ್ಗವೇ ಕಿತ್ತುಬರುವಂತಿತ್ತು.

ಜಯತ್ತೆ ಬೋರಲು ಮಲಗಿದಳು. ಮುಖ ಅತ್ತ ತಿರುಗಿಸಿ ಎದೆ ತುಂಬ ಉಸಿರು ಎಳೆದುಕೊಂಡು, ಬಾಯಿ ಮುಚ್ಚಿ, ತಲೆ ಮತ್ತು ಎರಡು ಕೈಗಳನ್ನು ಒಳಕ್ಕೆ ಇಳಿಸಿದಳು. ನಾವು ಉಸಿರು ಬಿಗಿಹಿಡಿದು ನಿಂತೆವು, ಅವಳ ಬದಲಿಗೆ ನಾವು ಬಿಗಿಹಿಡಿದರೆ ಅವಳಿಗೇನಾದರೂ ಉಪಯೋಗವಾದೀತು ಎಂಬಂತೆ. ಅವಳ ಬೆನ್ನು ಒಮ್ಮೆ ಬಿಗಿಯಿತು. ಒಳಗಿನಿಂದ ಮಾವನ ಒಂದು ಕೈ ನೆಟ್ಟಗೆ ಮೇಲೆ ಬಂತು. ಭುಜ ಓರೆಯಾಯಿತು. ಅವಳು ತಲೆಯೆತ್ತಿ, ಮಾತಾಡದೆ, ಎಳೆಯಿರಿ ಎಂದು ಕೈಯಲ್ಲೇ ಸನ್ನೆ ಮಾಡಿದಳು.

ಮಾವ ಹೊರಬಂದಾಗ ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಮೀಸೆಯ ತುಂಬ ರಾಗಿ. ಕಣದ ಬಯಲಿಗೆ ಎಳೆದು ಮಲಗಿಸಿದೆವು. ಮಾದೇಶ ಮೊರ ತಂದು ಬೀಸತೊಡಗಿದ. ಜಯತ್ತೆ ಮಾವನ ಬಾಯೊಳಗೆ ಬೆರಳು ಹಾಕಿ ರಾಗಿ ತೆಗೆದಳು, ಪಕ್ಕಕ್ಕೆ ಹೊರಳಿಸಿದಳು, ಬೆನ್ನಿಗೆ ಗುದ್ದಿದಳು, ಹೆಸರು ಹಿಡಿದು ಕೂಗಿದಳು. ಗಂಡನ ಹೆಸರನ್ನು ಅವಳು ಅದುವರೆಗೆ ಬಾಯಿಬಿಟ್ಟು ಹೇಳಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

"ಪುಟ್ಟಸಾಮೀ! ಏಳು! ಏಳೋ ಪುಟ್ಟಸಾಮೀ!"

ಒಂದು ದೊಡ್ಡ ಸದ್ದು ಬಂತು. ಮರಳಿನಲ್ಲಿ ಗುದ್ದಲಿ ಎಳೆದ ಹಾಗೆ. ಮಾವನ ಎದೆ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. ಅಷ್ಟು ಕರ್ಕಶವಾದ, ಅಷ್ಟು ಚೆಂದದ ಸದ್ದನ್ನು ನಾನು ಜೀವನದಲ್ಲಿ ಕೇಳಿಲ್ಲ.

ಸೊಪ್ಪು ಸಾಗಿಸುವ ಟೆಂಪೋದಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದರು. ಡಾಕ್ಟರು ಮೂಗಿಗೆ ಆಮ್ಲಜನಕ ಕೊಟ್ಟು, ಒಂದು ದಿನ ಇಟ್ಟುಕೊಂಡು, ಏನೂ ತೊಂದರೆಯಿಲ್ಲ ಎಂದು ಕಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರಂತೆ. ಇಂಥ ಕಡೆಗಳಲ್ಲಿ ಒಬ್ಬರನ್ನು ಎತ್ತಲು ಹೋಗಿ ಇನ್ನೊಬ್ಬರು, ಅವರನ್ನು ಎತ್ತಲು ಹೋಗಿ ಮತ್ತೊಬ್ಬರು ಒಳಗೇ ಉಳಿದುಬಿಡುತ್ತಾರೆ ಎಂದೂ ಹೇಳಿದರಂತೆ. ಮಾದೇಶ ಅದನ್ನು ಕೇಳಿಸಿಕೊಂಡು ಬಂದವನು ತನ್ನ ಹರಿದ ಅಂಗಿಯನ್ನು ಹೊಲಿಸಲೇ ಇಲ್ಲ. ಬಹಳ ದಿನ ಅದನ್ನು ಹಾಗೇ ಹಾಕಿಕೊಂಡು ಓಡಾಡಿದ.

ಅಜ್ಜಿ ವಿಷಯ ತಿಳಿದು ಓಡಿಬಂದಳು. ಜಯತ್ತೆಯನ್ನು ಅಪ್ಪಿಕೊಂಡಾಳು, ಅತ್ತಾಳು ಎಂದು ನಾನು ಕಾದೆ. ಅಜ್ಜಿ ಅಂಥ ಹೆಂಗಸಲ್ಲ. ಒಲೆಯ ಮುಂದೆ ಕೂತು ತಾನೇ ಮುದ್ದೆ ಮಾಡಿ, ಗಂಡಸರಿಗೆ ಬಡಿಸುವ ಮೊದಲು ಒಂದನ್ನು ಜಯತ್ತೆಯ ತಟ್ಟೆಗೆ ಹಾಕಿ, ತುಪ್ಪ ಸುರಿದು, "ಉಣ್ಣವ್ವ" ಅಂದಳು. ಆ ಮನೆಯಲ್ಲಿ ಗಂಡಸರಿಗಿಂತ ಮೊದಲು ಹೆಂಗಸರ ತಟ್ಟೆಗೆ ಮುದ್ದೆ ಬಿದ್ದದ್ದು ಅದೇ ಮೊದಲು. ಅಂದಿನಿಂದ ಗಂಟುಗಳನ್ನು ತಟ್ಟೆಯಂಚಿಗೆ ಸಾಲಾಗಿ ಇಡುವುದೂ ನಿಂತಿತು. ಅಜ್ಜಿ ಅವನ್ನು ನುಂಗುತ್ತಿದ್ದಳು. ಜಯತ್ತೆಯ ಮುದ್ದೆ ಮಾತ್ರ ಸುಧಾರಿಸಲಿಲ್ಲ ಎಂಬುದನ್ನು ಸತ್ಯಕ್ಕಾಗಿ ಇಲ್ಲಿ ಹೇಳಲೇಬೇಕು.

ಹಗೇವಿನಲ್ಲಿ ವಿಷವಾಯು ಇತ್ತು ಎಂದು ಊರಲ್ಲೆಲ್ಲ ಹೇಳಿದರು. ಕೆಲವರು ಗಾಳಿ ಸೋಕಿದೆ ಅಂದರು. ನಾನೂ ಹಾಗೇ ನಂಬಿ ಇಷ್ಟು ವರ್ಷ ಕಳೆದಿದ್ದೆ. ಮೊನ್ನೆ ಪ್ಯಾಕೆಟ್ಟು ಹಿಡಿದು ಕೂತು ಈ ಕಥೆಯನ್ನು ನಿತ್ಯಾಳಿಗೆ ಹೇಳಿದಾಗ ಅವಳು ಪುಸ್ತಕ ಮುಚ್ಚಿಟ್ಟು ಕೇಳಿದಳು.

"ವಿಷ ಯಾರೂ ಹಾಕಿರ್ಲಿಲ್ಲಮ್ಮ. ರಾಗಿ ಉಸಿರಾಡಿತ್ತು, ಅಷ್ಟೆ."

ರಾಗಿಯ ಕಾಳು ಸತ್ತ ವಸ್ತುವಲ್ಲವಂತೆ. ಬಿತ್ತಿದರೆ ಮೊಳೆಯುವ ಕಾಳೆಂದ ಮೇಲೆ ಅದರೊಳಗೆ ಜೀವ ಇರಲೇಬೇಕಲ್ಲ. ಆ ಜೀವ ಮಳೆಗಾಗಿ ಕಾಯುವಾಗಲೂ ಬರಿಹೊಟ್ಟೆಯಲ್ಲಿ ಇರುವುದಿಲ್ಲ. ತನ್ನೊಳಗಿನ ಪಿಷ್ಟವನ್ನೇ ಕಣಕಣವಾಗಿ ಉರಿಸಿಕೊಳ್ಳುತ್ತದೆ, ಅದಕ್ಕೆ ಸುತ್ತಲಿನ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಣಗಿದ್ದರೆ ಮೆಲ್ಲಗೆ, ತೇವ ತಾಕಿದರೆ ಜೋರಾಗಿ. ಜಡಿಮಳೆಯ ನೀರು ಒಳಗೆ ಜಿನುಗಿ ಹಗೇವಿನ ಲೆಕ್ಕವಿಲ್ಲದ ಕಾಳುಗಳು ಒಟ್ಟಿಗೆ ಎಚ್ಚೆತ್ತಿದ್ದವು. ಮಾವನಿಗೆ ಬೆಚ್ಚಗೆ ತಾಕಿದ್ದು ಅವುಗಳ ಮೈಬಿಸಿ. ಇದ್ದ ಆಮ್ಲಜನಕವನ್ನೆಲ್ಲ ಅವೇ ತೆಗೆದುಕೊಂಡಿದ್ದವು. ಬಿಟ್ಟ ಗಾಳಿ ಭಾರ, ಆದ್ದರಿಂದ ಕೆಳಗೇ ನಿಂತಿತ್ತು. ಲಾಟೀನಿನ ಬತ್ತಿಗೂ ಮಾವನ ಮಿದುಳಿಗೂ ಬೇಕಾಗಿದ್ದದ್ದು ಒಂದೇ, ಅದು ಅಲ್ಲಿರಲಿಲ್ಲ.

"ಹಾಗಾದ್ರೆ ನಾವು ಉಣ್ಣೋದೂ ಬೆಂಕೀನೇನೇ?" ಎಂದು ಕೇಳಿದೆ.

"ಬೆಂಕಿ ಅಂದ್ರೆ ಒಂದೇ ಸಲ ಭಗ್ ಅನ್ನುತ್ತೆ. ಜೀವಕೋಶ ಹಾಗೆ ಮಾಡಲ್ಲ. ಒಂದು ಮೆಟ್ಟಿಲು ಇಳಿದು ಸ್ವಲ್ಪ ಶಕ್ತಿ ತೆಗೆದುಕೊಳ್ಳುತ್ತೆ, ಇನ್ನೊಂದು ಮೆಟ್ಟಿಲು, ಇನ್ನು ಸ್ವಲ್ಪ."

ನನಗೆ ಬ್ಯಾರನ್ನು ಕಣ್ಣಿಗೆ ಕಟ್ಟಿತು. ಕಾವನ್ನು ಒಮ್ಮೆಲೇ ಏರಿಸಿದರೆ ಸೊಪ್ಪು ಸುಟ್ಟು ಹೋಗುತ್ತದೆ, ಒಂದೊಂದೇ ಕಟ್ಟಿಗೆ ಒಡ್ಡುತ್ತಾ ಕಾಯಬೇಕು. ಅಂಥ ಕೆಲಸ ನನ್ನ ಮೈಯ ಒಂದೊಂದು ಕೋಶದಲ್ಲೂ, ನಾನು ನಿದ್ದೆಹೋದಾಗಲೂ, ಬಯ್ಯುವಾಗಲೂ, ಧಾರಾವಾಹಿ ನೋಡುವಾಗಲೂ ನಡೆಯುತ್ತಿದೆಯಂತೆ. ಇಷ್ಟು ಅಚ್ಚುಕಟ್ಟಾದ ಕೆಲಸ ನನ್ನೊಳಗೆ ನನ್ನ ಸಹಾಯವಿಲ್ಲದೆಯೇ ಸಾಗುತ್ತಿದೆ ಎಂದು ತಿಳಿದು ತುಂಬ ಹೆಮ್ಮೆಯಾಯಿತು. ನಾನು ಕೈಹಾಕಿದ್ದರೆ ಯಾವತ್ತೋ ಸೀದುಹೋಗುತ್ತಿತ್ತು.

ನಿನ್ನೆ ಭಾನುವಾರ ನಿತ್ಯಾಳನ್ನು ಕರೆದುಕೊಂಡು ಮಾವನ ಊರಿಗೆ ಹೋದೆ. ಹಗೇವನ್ನು ಮುಚ್ಚಿ ಎಷ್ಟೋ ಕಾಲವಾಗಿದೆ, ಆ ಜಾಗದಲ್ಲಿ ಮಾದೇಶನ ಮಗಳ ಸ್ಕೂಟಿ ನಿಂತಿರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಮಾವ ಜಗಲಿಯ ಮೇಲೆ ಟವಲು ಹಾಸಿ ಮಲಗಿದ್ದ. ನಾವು ಮೂವರು ಒಳಗೆ ಎಲೆಯಡಿಕೆ ಮುಂದಿಟ್ಟುಕೊಂಡು ಕೂತಿದ್ದೆವು. ನಿತ್ಯಾ ಮೊದಲು ಆಮ್ಲಜನಕದ ವಿಷಯವನ್ನೆಲ್ಲ ಜಯತ್ತೆಗೆ ಹೇಳಿದಳು. ಜಯತ್ತೆ ಕಣ್ಣರಳಿಸಿ ಕೇಳಿದಳು.

"ಕಾಳೂ ಉಸಿರಾಡ್ತದಾ? ಅಯ್ಯೋ ಶಿವನೆ. ಎಷ್ಟು ಚೆಂದಾಗದೆ ಇದು."

"ಅವತ್ತು ನಿಮಗೆ ಭಯ ಆಗ್ಲಿಲ್ವಾ ಅಜ್ಜಿ?" ಎಂದು ನಿತ್ಯಾ ಕೇಳಿದಳು.

"ಅವತ್ತು ಆಗ್ನಿಲ್ಲ ಕಣ್ ಕೂಸೆ. ಕೈ ತುಂಬ ಕೆಲ್ಸ ಇತ್ತಲ್ಲ, ಪುರಸೊತ್ತೆಲ್ಲಿತ್ತು? ಮನೇಗೆ ಕರ್ಕೊಂಡು ಬಂದ್ಮ್ಯಾಕೆ ಶುರುವಾಯ್ತು."

"ಆಮೇಲೆ ಯಾವಾಗ ಹೋಯ್ತು?"

ಜಯತ್ತೆ ನಕ್ಕು, ನೀರಿನ ಚೊಂಬು ತುಂಬಿಕೊಂಡು ಎದ್ದಳು. ಜಗಲಿಗೆ ಹೋಗಿ ಚೊಂಬನ್ನು ಮಾವನ ತಲೆಯ ಹತ್ತಿರ ಇಟ್ಟಳು. ಹಿಂತಿರುಗುವ ಮೊದಲು ಬಗ್ಗಿ, ಬೆರಳುಗಳ ಹಿಂಬದಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ತಂತಿಯ ಮೇಲಿನ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡುವಷ್ಟೇ ಸಹಜವಾಗಿ.

ಮಾವ ಕಣ್ಣು ಬಿಡಲಿಲ್ಲ.

"ಬದುಕಿವ್ನಿ ಕಣಮ್ಮಿ," ಅಂದ. "ಇನ್ನೂ ಇವ್ನಿ. ಹೋಗು."

ಅವಳು ಹೋಗಲಿಲ್ಲ. ಇನ್ನೊಂದು ಉಸಿರು ಬರುವವರೆಗೆ ಕೈಯನ್ನು ಅಲ್ಲೇ ಹಿಡಿದುಕೊಂಡು ನಿಂತಿದ್ದಳು.